ಸೋರುವ ರಿವೆಟ್ ಮೊದಲು, ನೆಲ ಆಮೇಲೆ
14 ಅಡಿಯ ಹಳೇ ಅಲ್ಯೂಮಿನಿಯಂ ದೋಣಿ ರಿವೆಟ್ (ತಗಡುಗಳನ್ನು ಜೋಡಿಸುವ ಲೋಹದ ಮೊಳೆ) ಹತ್ತಿರ ಸೋರುತ್ತಿದೆ, ಒಳಗೆ ಪ್ಲೈವುಡ್ ನೆಲ ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಿ, ಆದರೆ ಮೊದಲು ಸೋರಿಕೆ ಹುಡುಕಿ. ದೋಣಿಯ ಅಡಿಗೆ ಗಟ್ಟಿ ಆಧಾರ ಕೊಟ್ಟು, ಒಳಗೆ ನಾಲ್ಕು ಇಂಚು ನೀರು ತುಂಬಿಸಿ. ಹೊರಗೆ ಹನಿ ಕಟ್ಟುವ ಪ್ರತಿ ರಿವೆಟ್ಟಿಗೂ ಮಾರ್ಕರ್‌ನಲ್ಲಿ ಗುರುತು ಹಾಕಿ. ನೀರು ಖಾಲಿ ಮಾಡಿ. ಒಬ್ಬರು ರಿವೆಟ್ಟಿನ ಹೊರಗಿನ ತಲೆಗೆ ಭಾರದ ಕಬ್ಬಿಣ ಒತ್ತಿ ಹಿಡಿಯಲಿ, ಇನ್ನೊಬ್ಬರು ಒಳಗಿನಿಂದ ಸುತ್ತಿಗೆಯಲ್ಲಿ ಬಡಿಯಲಿ. ಸಡಿಲವಾದ ಎಷ್ಟೋ ರಿವೆಟ್ ಇಷ್ಟಕ್ಕೇ ಬಿಗಿಯಾಗುತ್ತವೆ. ಸುಮ್ನೆ ಸಿಲಿಕೋನ್ ಮೆತ್ತಬೇಡಿ. ನಾನು ಮೆತ್ತಿದ್ದೆ, ಕೆರೆದು ತೆಗೆಯೋಕೆ ಎರಡು ಭಾನುವಾರ ಹೋಯ್ತು!

ನೆಲಕ್ಕೆ ಪ್ರೆಶರ್ ಟ್ರೀಟೆಡ್ ಪ್ಲೈವುಡ್ (ಕೊಳೆಯದಂತೆ ಒತ್ತಡದಲ್ಲಿ ರಾಸಾಯನಿಕ ಹೀರಿಸಿದ್ದು) ಮಾತ್ರ ಬೇಡ. ಅದರಲ್ಲಿರುವ ತಾಮ್ರ ಒದ್ದೆಯಾದಾಗ ಅಲ್ಯೂಮಿನಿಯಂ ತಿನ್ನುತ್ತದೆ. ಮರೀನ್ ಪ್ಲೈ (ನೀರು ತಡೆಯುವ ಅಂಟಿನಿಂದ ಮಾಡಿದ ಪ್ಲೈವುಡ್) ತಂದು, ಅಂಚು, ಸ್ಕ್ರೂ ತೂತು ಯಾವುದನ್ನೂ ಬಿಡದೆ ಎಪಾಕ್ಸಿ (ಗಟ್ಟಿಯಾಗಿ ನೀರು ತಡೆಯುವ ರಾಳ) ಹಚ್ಚಿ. ದೋಣಿಯ ಹೊರತಳಕ್ಕೆ ತಾಮ್ರ ಬೆರೆಸಿದ ಪೇಂಟೂ ಬೇಡ.