ಎರಡು ವಾರದ ಮಾತ್ರೆ, ಒಂದೂವರೆ ವರ್ಷದ ನಿದ್ದೆ

ಓದುಗರ ಪತ್ರ: ನನಗೀಗ 61 ವರ್ಷ. ನಿವೃತ್ತ ಶಿಕ್ಷಕಿ. ಯಜಮಾನರು ತೀರಿಕೊಂಡ ಮೇಲೆ ನಿದ್ದೆ ಹಾರಿಹೋಯಿತು. ಡಾಕ್ಟರು ಎರಡು ವಾರಕ್ಕೆಂದು ಜೋಲ್ಪಿಡೆಮ್ 10 ಮಿಲಿಗ್ರಾಂ ಬರೆದುಕೊಟ್ಟರು. ಒಂದೂವರೆ ವರ್ಷವಾಯಿತು. ಮೆಡಿಕಲ್ ಶಾಪಿನವರು ಅದೇ ಹಳೇ ಚೀಟಿಗೆ ಕೊಡುತ್ತಾರೆ. ಬಿಟ್ಟು ನೋಡಿದೆ, ಎರಡು ರಾತ್ರಿ ಕಣ್ಣೇ ಮುಚ್ಚಲಿಲ್ಲ. ಮಗಳು "ಅದು ಚಟ, ಕಸಕ್ಕೆ ಎಸಿ" ಅನ್ನುತ್ತಾಳೆ. ಮೊನ್ನೆ ಬೆಳಗ್ಗೆ ಎದ್ದರೆ ಒಲೆ ಮೇಲೆ ಹಾಲು ಕಾಯಿಸಿದ ಪಾತ್ರೆ ಇತ್ತು. ನಾನೇ ಇಟ್ಟಿರಬೇಕು, ನೆನಪಿಲ್ಲ. ವಯಸ್ಸಿನ ಮರೆವೇನೋ. ಮಾತ್ರೆ ಬದಲು ರಾತ್ರಿ ಗಸಗಸೆ ಪಾಯಸ ಕುಡಿದರೆ ಆದೀತೇ?
– ಹೆಸರು ಬೇಡ, ದಾವಣಗೆರೆ

ಸಂಪಾದಕರ ಉತ್ತರ:

ಮೇಡಂ, ನಾನು ಡಾಕ್ಟರಲ್ಲ. ಆದರೂ ನಿಮ್ಮ ಪತ್ರದಲ್ಲಿ ನೀವು ಸುಮ್ನೆ ದಾಟಿಸಿಬಿಟ್ಟ ಹಾಲಿನ ಪಾತ್ರೆಯ ವಿಷಯಕ್ಕೇ ಮೊದಲು ಬರುತ್ತೇನೆ. ಅದನ್ನು ವಯಸ್ಸಿನ ತಲೆಗೆ ಕಟ್ಟಬೇಡಿ. ಜೋಲ್ಪಿಡೆಮ್ ನುಂಗಿದ ಕೆಲವರು ಅರೆನಿದ್ದೆಯಲ್ಲೇ ಎದ್ದು ಓಡಾಡುತ್ತಾರೆ, ಅಡುಗೆ ಮಾಡುತ್ತಾರೆ, ಊಟ ಮಾಡುತ್ತಾರೆ, ಕಾರು ಓಡಿಸಿದವರೂ ಇದ್ದಾರೆ. ಬೆಳಗ್ಗೆ ಕೇಳಿದರೆ ಒಂದೂ ನೆನಪಿರುವುದಿಲ್ಲ. ಇದರಿಂದ ಸಾವುಗಳೂ ಆಗಿದ್ದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಈ ಮಾತ್ರೆಗೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಒಮ್ಮೆ ಹೀಗಾದವರು ಮತ್ತೆ ಅದನ್ನು ನುಂಗಬಾರದು ಅನ್ನುತ್ತದೆ ಆ ಎಚ್ಚರಿಕೆ. ನಿಮ್ಮದೂ ಅದೇ ಎಂದು ದೂರದಿಂದ ನಾನು ಹೇಳಲಾರೆ. ಆದರೆ ಇದು ಮುಂದಿನ ಭೇಟಿಯವರೆಗೆ ಕಾಯುವ ಮಾತಲ್ಲ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಈ ರಾತ್ರಿ ಏನು ಮಾಡಲಿ ಎಂದು ಕೇಳಿ. ಮಲಗುವ ಮುಂಚೆ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ. ಮಗಳೋ ಮತ್ತೊಬ್ಬರೋ ಕೆಲವು ದಿನ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಇನ್ನು 10 ಮಿಲಿಗ್ರಾಂ ವಿಷಯ. ಹೆಂಗಸರ ಮೈಯಿಂದ ಈ ಔಷಧ ನಿಧಾನವಾಗಿ ಇಳಿಯುತ್ತದೆ. ಬೆಳಗ್ಗೆಯೂ ರಕ್ತದಲ್ಲಿ ಮಂಪರು ತರುವಷ್ಟು ಉಳಿದಿರಬಹುದು. ಅದಕ್ಕೇ 2013ರಲ್ಲಿ ಅದೇ ಎಫ್‌ಡಿಎ ಹೆಂಗಸರ ಪ್ರಮಾಣವನ್ನು 10ರಿಂದ 5ಕ್ಕೆ ಇಳಿಸಲು ಹೇಳಿತು. ವಯಸ್ಸಾದವರಿಗೂ 5 ಸಾಕು ಅನ್ನುತ್ತಾರೆ. ಅರವತ್ತು ದಾಟಿದ ಮೇಲೆ ರಾತ್ರಿ ಬಚ್ಚಲಿಗೆ ಎದ್ದಾಗ ತೂರಾಡಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು ಈ ಜಾತಿಯ ಮಾತ್ರೆಗಳ ದೊಡ್ಡ ಭಯ.

ಹಾಗಂತ ನಿಮ್ಮ ಡಾಕ್ಟರು ತಪ್ಪು ಮಾಡಿದರು ಅನ್ನಲಾರೆ. ಸಾವಿನ ಮನೆಯಲ್ಲಿ ನಿದ್ದೆಯಿಲ್ಲದೆ ಒದ್ದಾಡುವವರಿಗೆ ನಾಲ್ಕು ದಿನ ಮಾತ್ರೆ ಕೊಡುವುದು ಕರುಣೆಯ ಕೆಲಸವೇ. ಅವರು ಎರಡು ವಾರ ಅಂದಿದ್ದರು. ಅದನ್ನು ಒಂದೂವರೆ ವರ್ಷ ಮಾಡಿದ್ದು ಆ ಮೆಡಿಕಲ್ ಶಾಪು. ಸ್ಟ್ರಿಪ್ ತಿರುಗಿಸಿ ನೋಡಿ, ಕೆಂಪು ಚೌಕಟ್ಟಿನೊಳಗೆ ಎಚ್ಚರಿಕೆ ಇರುತ್ತದೆ. ಜೋಲ್ಪಿಡೆಮ್ ನಮ್ಮಲ್ಲಿ ಎಚ್1 ಪಟ್ಟಿಯ ಔಷಧ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. 2014ರಿಂದ ಜಾರಿಯಲ್ಲಿರುವ ಆ ನಿಯಮದಂತೆ ಅಂಗಡಿಯವರು ಬರೆದುಕೊಟ್ಟ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು ಎಂಬುದನ್ನೆಲ್ಲ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. "ಅಮ್ಮಾ, ಚೀಟಿ ಹಳೇದಾಯ್ತು" ಎಂದು ಒಂದು ಮಾತು ಹೇಳಲು ಅವರಿಗೇನು ಕಷ್ಟವಿತ್ತು?

ಮಗಳ ಸಿಟ್ಟು ಅರ್ಥವಾಗುತ್ತದೆ. ಆದರೆ ಕಸಕ್ಕೆ ಎಸೆಯುವ ನಿರ್ಧಾರ ಅವಳದೂ ಆಗಬಾರದು, ನಿಮ್ಮದೂ ಆಗಬಾರದು. ತಿಂಗಳುಗಟ್ಟಲೆ ನುಂಗಿದ ಮಾತ್ರೆಯನ್ನು ದಿಢೀರನೆ ಬಿಟ್ಟರೆ ನಿದ್ದೆ ಮೊದಲಿಗಿಂತ ಜಾಸ್ತಿ ಕೆಡುತ್ತದೆ. ಆ ಎರಡು ರಾತ್ರಿ ನಿಮಗೆ ಆದದ್ದು ಇದೇ ಇರಬೇಕು. "ಮಾತ್ರೆ ಇಲ್ಲದೆ ನನಗಿನ್ನು ನಿದ್ದೆಯೇ ಇಲ್ಲ" ಎಂದು ಜನ ಹೆದರುವುದು ಇಲ್ಲೇ. ಅದು ಮಾತ್ರೆ ಬಿಟ್ಟಾಗಿನ ಮೈಯ ಗಲಾಟೆ, ಸಾಮಾನ್ಯವಾಗಿ ಕೆಲವು ದಿನಕ್ಕೆ ಇಳಿಯುತ್ತದೆ. ಮಾಮೂಲಾಗಿ ಡಾಕ್ಟರು ಪ್ರಮಾಣವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ಬಿಡಿಸುತ್ತಾರೆ. ಹಾಲಿನ ಪಾತ್ರೆಯ ಕಥೆ ಕೇಳಿದ ಮೇಲೆ ನಿಮಗೆ ಬೇರೆ ದಾರಿ ಹೇಳಬಹುದು. ಅದನ್ನು ಅವರಿಗೇ ಬಿಡಿ.

ಮಾತ್ರೆ ಬಿಟ್ಟ ಮೇಲೇನು? ಅಮೆರಿಕದ ವೈದ್ಯರ ಸಂಘಟನೆ ಎಸಿಪಿ 2016ರಲ್ಲೇ, ಹಳೆಯ ನಿದ್ರಾಹೀನತೆಗೆ ಮೊದಲ ಮದ್ದು ಮಾತ್ರೆಯಲ್ಲ, ನಿದ್ದೆಯ ಅಭ್ಯಾಸವನ್ನೂ ಅದರ ಬಗೆಗಿನ ಯೋಚನೆಯನ್ನೂ ತಿದ್ದುವ ಸಿಬಿಟಿ-ಐ ಎಂಬ ತರಬೇತಿ ಎಂದಿತು. ಇದು ಬರೀ ಬುದ್ಧಿಮಾತಲ್ಲ, ಸ್ವಲ್ಪ ಕಠಿಣವೇ. ನಿದ್ದೆ ಬರುವುದು ಐದೂವರೆ ಗಂಟೆ, ಹಾಸಿಗೆಯಲ್ಲಿರುವುದು ಒಂಬತ್ತು ಗಂಟೆ ಅಂದರೆ, ಮೊದಲು ಹಾಸಿಗೆಯ ಸಮಯವನ್ನೇ ಕತ್ತರಿಸುತ್ತಾರೆ. ರಾತ್ರಿ ಹನ್ನೆರಡಕ್ಕೆ ಮಲಗಿ, ಐದೂವರೆಗೆ ಏಳಿ, ಹಗಲು ಅಡ್ಡಾಗಬೇಡಿ ಅನ್ನುತ್ತಾರೆ. ಇಪ್ಪತ್ತು ನಿಮಿಷದಲ್ಲಿ ನಿದ್ದೆ ಹತ್ತದಿದ್ದರೆ ಎದ್ದು ಹೊರಗಿನ ಕೋಣೆಗೆ ಹೋಗಿ ಕೂತಿರಬೇಕು, ತೂಕಡಿಕೆ ಬಂದ ಮೇಲೇ ಹಾಸಿಗೆ. ಮೊದಲ ವಾರ ಎಲ್ಲರೂ ಬೈದುಕೊಳ್ಳುತ್ತಾರಂತೆ! ಆಮೇಲೆ ನಿದ್ದೆ ಗಟ್ಟಿಯಾದಂತೆ ಸಮಯವನ್ನು ಹಿಗ್ಗಿಸುತ್ತಾರೆ. ತಲೆಸುತ್ತು, ಬೀಳುವ ಭಯ ಇರುವವರು ಇದನ್ನು ತಾವೇ ಶುರು ಮಾಡಬಾರದು, ತಿಳಿದವರು ಜೊತೆಗಿರಬೇಕು.

ಗಸಗಸೆ ಪಾಯಸವನ್ನು ಹಬ್ಬದ ದಿನ ಖುಷಿಯಾಗಿ ಕುಡಿಯಿರಿ. ಒಂದೂವರೆ ವರ್ಷದ ಜೋಲ್ಪಿಡೆಮ್‌ಗೆ ಅದು ಬದಲಿ ಆಗದು. ಸಕ್ಕರೆ ಕಾಯಿಲೆ ಇದ್ದರೆ ದಿನಾ ರಾತ್ರಿ ಬೆಲ್ಲವಂತೂ ಬೇಡ.

ಡಾಕ್ಟರ ಬಳಿ ಹೋಗುವಾಗ ಖಾಲಿ ಸ್ಟ್ರಿಪ್, ಆ ಹಳೇ ಚೀಟಿ, ಬಿಪಿ ಇತ್ಯಾದಿಗೆ ನುಂಗುವ ಬೇರೆ ಮಾತ್ರೆಗಳು ಎಲ್ಲವನ್ನೂ ಒಯ್ಯಿರಿ. ಗೊರಕೆ ಇದೆಯೇ ಎಂದು ಮಗಳನ್ನು ಕೇಳಿಕೊಂಡು ಹೋಗಿ. ಜೋರು ಗೊರಕೆಯ ನಡುವೆ ಉಸಿರು ಕಟ್ಟುವವರಿಗೆ ಈ ಮಾತ್ರೆ ಅಪಾಯ. ಯಜಮಾನರು ಹೋದ ದುಃಖ ಇನ್ನೂ ಎದೆಯಲ್ಲೇ ಕೂತಿದ್ದರೆ ಅದನ್ನೂ ಹೇಳಿ. ರಾತ್ರಿ ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಇದೆ, ಸಂಖ್ಯೆ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.