ಹಿತ್ತಾಳೆ ಪಂಪ್ ಸ್ಟೋವ್, ಹತ್ತು ಬತ್ತಿಯ ಸ್ಟೋವ್, ಹಳೇ ಗ್ಯಾಸ್ ಒಲೆ: ಅಡುಗೆಗೆ ಯಾವುದು ಆದೀತು?

ನಿಮ್ಮ ಪ್ರಶ್ನೆ ಇಷ್ಟು: ಪುಣೆಯ ಸದಾಶಿವ ಪೇಟೆಯ ವಾಡೆ (ನಡುವೆ ಅಂಗಳವಿರುವ ಹಳೇ ಮನೆ) ಖಾಲಿ ಮಾಡುವಾಗ ಅಡುಗೆಮನೆಯಲ್ಲಿ ಮೂರು ಹಳೇ ಒಲೆ ಸಿಕ್ಕಿವೆ. ಒಂದು ಹಿತ್ತಾಳೆಯ ಪಂಪ್ ಸ್ಟೋವ್, ಒಂದು ನೂತನ್ ಮಾದರಿಯ ಹತ್ತು ಬತ್ತಿಯ ಸ್ಟೋವ್, ಇನ್ನೊಂದು ಎರಕದ ಬರ್ನರಿನ ಗ್ಯಾಸ್ ಒಲೆ. ಕೋಥರೂಡಿನ ಫ್ಲ್ಯಾಟಿನಲ್ಲಿ ಪೈಪ್ ಗ್ಯಾಸ್ ಇದೆ. ಯಾವುದರ ವಿನ್ಯಾಸ ಮೇಲು, ಯಾವುದರ ಮೇಲೆ ನಿಜಕ್ಕೂ ಅಡುಗೆ ಮಾಡಬಹುದು?

ಜಾಣ ವಿನ್ಯಾಸ ಪಂಪ್ ಸ್ಟೋವಿನದು. ದಿನದ ಅಡುಗೆಗೆ ಆಗುವುದು ಗ್ಯಾಸ್ ಒಲೆ, ಅದೂ ಜೆಟ್ (ಗ್ಯಾಸ್ ಚಿಮ್ಮುವ ಸಣ್ಣ ರಂಧ್ರದ ತುಂಡು) ಬದಲಿಸಿದ ಮೇಲೆ. ಹಳೇ ಒಲೆ ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ಉರಿ ಎಷ್ಟು ಜೋರು ಬರುತ್ತದೆ ಅಂತ ನೋಡುತ್ತಾರೆ. ಜೋರು ಉರಿ ಮೂರರಲ್ಲೂ ಬರುತ್ತದೆ. ಎಷ್ಟು ಸಣ್ಣಗೆ ಉರಿದರೂ ಆರದೆ, ಹೊಗೆಯಾಡದೆ ನಿಲ್ಲುತ್ತದೆ ಅನ್ನುವುದನ್ನು ನೋಡಿ. ಹಾಲು ಕಾಯಿಸುವುದು, ಬೇಳೆ ಕುದಿಸಿಡುವುದು, ಜೋಳದ ರೊಟ್ಟಿಯ ಹೆಂಚು ಹದದಲ್ಲಿಡುವುದು ಎಲ್ಲ ಆ ಸಣ್ಣ ಉರಿಯ ಕೆಲಸವೇ.

ಪಂಪ್ ಸ್ಟೋವಿನ ಮೂಲ 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಮಾಡಿದ ಪ್ರೈಮಸ್. ನಿಮ್ಮದರ ಮೇಲೆ ಯಾವ ಹೆಸರೇ ಇರಲಿ, ಒಳಗಿನ ಕೆಲಸ ಅದೇ. ಟ್ಯಾಂಕಿನೊಳಗಿನ ಗಾಳಿಯ ಒತ್ತಡ ಸೀಮೆಎಣ್ಣೆಯನ್ನು ಬರ್ನರಿನ ಕೊಳವೆಗೆ ಏರಿಸುತ್ತದೆ. ಕೊಳವೆ ಕಾದಿದ್ದರೆ ಎಣ್ಣೆ ಅಲ್ಲೇ ಆವಿಯಾಗಿ ಜೆಟ್ಟಿನ ಸೂಜಿಮೊನೆ ರಂಧ್ರದಿಂದ ಚಿಮ್ಮುತ್ತದೆ, ಗಾಳಿ ಎಳೆದುಕೊಂಡು ನೀಲಿಯಾಗಿ ಉರಿಯುತ್ತದೆ, ಆ ಉರಿಯೇ ಕೊಳವೆಯನ್ನು ಕಾಯಿಸುತ್ತಿರುತ್ತದೆ. ಬತ್ತಿ ಇಲ್ಲ, ಹೊಗೆ ಇಲ್ಲ, ತಾನೇ ತನ್ನನ್ನು ನಡೆಸಿಕೊಳ್ಳುವ ಯಂತ್ರ. ಅದರ ದೌರ್ಬಲ್ಯವೂ ಇಲ್ಲೇ ಇದೆ. ಉರಿ ತೀರಾ ಸಣ್ಣದಾದರೆ ಕೊಳವೆ ತಣ್ಣಗಾಗಿ ಎಣ್ಣೆ ಆವಿಯಾಗದೆ ಹಾಗೇ ಹೊರಗೆ ಬರುತ್ತದೆ, ಹಳದಿ ಜ್ವಾಲೆ ಭುಗ್ಗನೆ ಏಳುತ್ತದೆ. ಹೆಚ್ಚಿನ ಪಂಪ್ ಸ್ಟೋವುಗಳಲ್ಲಿ ಉರಿ ತಿರುಗಿಸುವ ಕೀಲಿಯೂ ಇಲ್ಲ. ಹೆಚ್ಚಿಸಲು ಪಂಪ್ ಹೊಡೆಯಬೇಕು, ತಗ್ಗಿಸಲು ಗಾಳಿಯ ತಿರುಪು ಸ್ವಲ್ಪ ಸಡಿಲಿಸಬೇಕು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಲು ಇದಕ್ಕೆ ಸಾಟಿಯಿಲ್ಲ, ಹಾಲಿಟ್ಟರೆ ಮಾತ್ರ ಪಕ್ಕದಲ್ಲೇ ನಿಂತಿರಬೇಕು.

ಬರ್ನರ್ ಎರಡು ಬಗೆ. ಮೇಲೆ ಒಂದು ತಟ್ಟೆ ಇದ್ದು ಭೋರೆನ್ನುವುದು ಒಂದು, ತೂತುಗಳ ಟೋಪಿ ಹಾಕಿಕೊಂಡ ಸದ್ದಿಲ್ಲದ್ದು ಇನ್ನೊಂದು. ಟೋಪಿಯದು ಸಿಕ್ಕಿದ್ದರೆ ನಿಮ್ಮ ಅದೃಷ್ಟ, ಅದು ಇನ್ನಷ್ಟು ಸಣ್ಣಗೆ ಉರಿಯುತ್ತದೆ, ಶಾಖವೂ ಅಗಲಕ್ಕೆ ಹರಡುತ್ತದೆ. ಭೋರೆನ್ನುವುದರಲ್ಲಿ ಶಾಖ ನಡುವೆಯೇ ಕೇಂದ್ರೀಕರಿಸುವುದರಿಂದ ತೆಳು ಹೆಂಚಿನ ಮೇಲೆ ರೊಟ್ಟಿಯ ನಡು ಕರಿಕಾಗಿ ಅಂಚು ಹಸಿ ಉಳಿಯುತ್ತದೆ. ದಪ್ಪ ಬೀಡಿನ ಹೆಂಚಿಟ್ಟರೆ ಪರವಾಗಿಲ್ಲ.

ಹಚ್ಚುವ ಮೊದಲು ಮೂರು ಜಾಗ ನೋಡಿ. ಮೊದಲನೆಯದು ಪಂಪಿನ ಚರ್ಮದ ವಾಷರ್. ವರ್ಷಗಟ್ಟಲೆ ಒಣಗಿದ್ದರೆ ಹಿಡಿ ಒತ್ತಿದಾಗ ಎದುರೊತ್ತಡವೇ ಇರುವುದಿಲ್ಲ. ಹೊರತೆಗೆದು ಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಅಂಚನ್ನು ಬೆರಳಿನಿಂದ ಅಗಲಿಸಿ, ಬಟ್ಟಲಿನ ಬಾಯಿ ಟ್ಯಾಂಕಿನ ಕಡೆಗಿರುವಂತೆ ಹಾಕಿ. ಎರಡನೆಯದು ಪಂಪಿನ ಕೊಳವೆಯ ತಳದಲ್ಲಿರುವ ಒಮ್ಮುಖ ವಾಲ್ವ್. ಪಂಪಿನ ಹಿಡಿ ತಾನಾಗಿ ಮೇಲೇಳುತ್ತಿದ್ದರೆ ಅಥವಾ ಹಿಡಿಯ ಸುತ್ತ ಎಣ್ಣೆ ಒಸರುತ್ತಿದ್ದರೆ ಅದರೊಳಗಿನ ಪುಟ್ಟ ಬಿರಡೆ ಗಟ್ಟಿಯಾಗಿದೆ ಎಂದರ್ಥ. ಬಿಚ್ಚಲು ಉದ್ದ ಸ್ಪ್ಯಾನರ್ ಬೇಕು. ಇಕ್ಕಳ ಹಾಕಿ ತಿರುಗಿಸಲು ಹೋದರೆ ಹಿತ್ತಾಳೆ ಕಿತ್ತುಬರುತ್ತದೆ. ಮೂರನೆಯದು ಬರ್ನರಿನ ಬುಡದ ಸೀಸದ ವಾಷರ್. ಒಮ್ಮೆ ಬಿಚ್ಚಿದರೆ ಹೊಸತೇ ಹಾಕಬೇಕು. ಕಾಯುವ ಜಾಗವಾದ್ದರಿಂದ ನಲ್ಲಿಗೆ ಸುತ್ತುವ ಬಿಳಿ ಟೇಪ್ ಅಲ್ಲಿ ಬೇಡ. ಎಣ್ಣೆ ಹುಯ್ಯುವ ಮುಚ್ಚಳದ ವಾಷರಿಗೆ ಸೈಕಲ್ ಟ್ಯೂಬ್ ಕತ್ತರಿಸಿ ಹಾಕುವವರಿದ್ದಾರೆ. ಆ ರಬ್ಬರ್ ಸೀಮೆಎಣ್ಣೆಯಲ್ಲಿ ಊದಿಕೊಂಡು ಕೆಡುತ್ತದೆ, ಎಣ್ಣೆ ತಡೆಯುವ ನೈಟ್ರೈಲ್ ರಬ್ಬರ್ ಕೇಳಿ. ಆಮೇಲೆ ಖಾಲಿ ಟ್ಯಾಂಕಿಗೆ ಗಾಳಿ ಹೊಡೆದು ಬಕೆಟ್ ನೀರಿನಲ್ಲಿ ಮುಳುಗಿಸಿ. ಜೆಟ್ಟಿನಿಂದ ಮಾತ್ರ ಗುಳ್ಳೆ ಬರಬೇಕು. ಟ್ಯಾಂಕಿನ ಬೆಸುಗೆಯಲ್ಲಿ ಒಂದು ಗುಳ್ಳೆ ಕಂಡರೂ ಅದು ಷೋಕೇಸಿಗೆ ಹೋಗಲಿ.

ಹಚ್ಚುವಾಗ ಟ್ಯಾಂಕ್ ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ, ಉಳಿದ ಜಾಗ ಗಾಳಿಗೆ ಬೇಕು. ಗಾಳಿಯ ತಿರುಪು ತೆರೆದಿಟ್ಟು, ಬರ್ನರಿನ ಕೆಳಗಿನ ಬಟ್ಟಲಿಗೆ ಪೇಂಟ್ ಅಂಗಡಿಯ ಮಿಥಿಲೇಟೆಡ್ ಸ್ಪಿರಿಟ್ ಹಾಕಿ ಹಚ್ಚಿ. ಅದು ಬಹುತೇಕ ಉರಿದು ಮುಗಿಯುವವರೆಗೆ ತಾಳ್ಮೆ ಬೇಕು, ಎಷ್ಟೋ ಅವಘಡಗಳಿಗೆ ಕಾರಣ ಇಲ್ಲಿನ ಅವಸರವೇ. ಕೊನೆಯ ಜ್ವಾಲೆ ಇರುವಾಗಲೇ ತಿರುಪು ಮುಚ್ಚಿ ಮೂರ್ನಾಲ್ಕು ಸಲ ನಿಧಾನವಾಗಿ ಪಂಪ್ ಹೊಡೆಯಿರಿ. ನೀಲಿ ಉರಿ ನಿಂತ ಮೇಲೆ ಇನ್ನು ಹತ್ತು ಹದಿನೈದು. ಹಳದಿ ಜ್ವಾಲೆ ಎದ್ದರೆ ಪಂಪ್ ಮುಟ್ಟದೆ ಗಾಳಿಯ ತಿರುಪು ಬಿಚ್ಚಿ. ಸ್ಪಿರಿಟ್ ಬದಲು ಸೀಮೆಎಣ್ಣೆಯನ್ನೇ ಬಟ್ಟಲಿಗೆ ಹಾಕಿ ಹಚ್ಚುವ ರೂಢಿಯೂ ಇತ್ತು, ಅದರಿಂದ ಬರ್ನರಿಗೆ ಮಸಿ ಮೆತ್ತುತ್ತದೆ. ಜೆಟ್ಟಿನ ರಂಧ್ರ ಕಟ್ಟಿಕೊಂಡರೆ ಸ್ಟೋವ್ ಪಿನ್ನನ್ನು ನೇರವಾಗಿ ಹಗುರಕ್ಕೆ ಚುಚ್ಚಿ. ಒತ್ತಿ ತಿರುಗಿಸಿದರೆ ರಂಧ್ರ ಅಗಲವಾಗಿ ಉರಿಯ ತುದಿ ಶಾಶ್ವತವಾಗಿ ಹಳದಿಯಾಗುತ್ತದೆ, ಆಗ ಜೆಟ್ ಬದಲಿಸುವುದೊಂದೇ ದಾರಿ.

ಹೊಳಪು ಕೊಡುವ ಆಸೆ ಇದ್ದರೆ ಹುಣಸೆಹಣ್ಣು, ಉಪ್ಪು ಸಾಕು, ಚೆನ್ನಾಗಿ ತೊಳೆದು ಒರೆಸಿ. ಅಮೋನಿಯ ಇರುವ ಪಾಲಿಶ್ ಟ್ಯಾಂಕಿಗೆ ಬೇಡ. ಸೆಳೆತದಲ್ಲಿರುವ ಹಿತ್ತಾಳೆ ಅಮೋನಿಯಕ್ಕೆ ಕೂದಲೆಳೆಯಂತೆ ಬಿರುಕು ಬಿಡುತ್ತದೆ, ಆ ಬಿರುಕು ಕಾಣಿಸುವುದು ಒತ್ತಡ ಹಾಕಿದಾಗಲೇ.

ಬತ್ತಿ ಸ್ಟೋವಿನಲ್ಲಿ ಒತ್ತಡದ ಭಯವಿಲ್ಲ. ನೂತನ್ ಇಂಡಿಯನ್ ಆಯಿಲ್ ಸಂಶೋಧನಾ ವಿಭಾಗದ ಕೂಸು, ಕಡಿಮೆ ಎಣ್ಣೆಯಲ್ಲಿ ಹೆಚ್ಚು ಶಾಖ ತೆಗೆಯಲೆಂದೇ ಮಾಡಿದ್ದು. ಅದರ ಜೀವ ಇರುವುದು ಒಂದರೊಳಗೊಂದು ಕೂರುವ ತೂತುಗಳ ಎರಡು ತಗಡಿನ ಕೊಳವೆಗಳಲ್ಲಿ. ಬತ್ತಿಯಿಂದ ಏಳುವ ಆವಿಗೆ ಆ ತೂತುಗಳಿಂದಲೇ ಗಾಳಿ ಸಿಗಬೇಕು. ಕೊಳವೆ ಸೊಟ್ಟಗೆ ಕೂತಿದ್ದರೆ ಬತ್ತಿ ಎಷ್ಟು ಚೆನ್ನಾಗಿದ್ದರೂ ಪಾತ್ರೆಯ ತಳ ಕಪ್ಪಾಗುತ್ತದೆ. ಹಚ್ಚಿ ಐದು ನಿಮಿಷ ಕಾಯಿರಿ, ತಗಡು ಕಾದ ಮೇಲೆಯೇ ಉರಿ ನೀಲಿಯಾಗುವುದು. ಅಷ್ಟರೊಳಗೆ ಪಾತ್ರೆ ಇಟ್ಟು ಸ್ಟೋವನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಹತ್ತೂ ಬತ್ತಿ ಒಂದೇ ಮಟ್ಟದಲ್ಲಿರಬೇಕು, ಕರಿಕಾದ ತುದಿಯನ್ನು ಕತ್ತರಿಯಿಂದ ಸಮ ಮಾಡಬೇಕು. ಎಣ್ಣೆ ಖಾಲಿಯಾಗುವವರೆಗೆ ಉರಿಸಿದರೆ ಬತ್ತಿ ಸ್ವಚ್ಛವಾಗುತ್ತದೆ ಅನ್ನುವ ಸಲಹೆ ಗಾಜಿನ ನಾರಿನ ಬತ್ತಿಗೆ ಸರಿ. ಹತ್ತಿಯ ಬತ್ತಿ ಸುಟ್ಟೇ ಹೋಗುತ್ತದೆ. ಮಳೆಗಾಲದಲ್ಲಿ ಎಣ್ಣೆಗೆ ನೀರು ಸೇರಿದರೆ ಬತ್ತಿ ನೀರು ಹೀರಿಕೊಂಡು ಎಣ್ಣೆ ಏರಿಸುವುದನ್ನೇ ನಿಲ್ಲಿಸುತ್ತದೆ. ಟ್ಯಾಂಕ್ ಬರಿದು ಮಾಡಿ, ಬತ್ತಿ ಬಿಸಿಲಿಗೆ ಒಣಗಿಸಿ. ಎಣ್ಣೆಯ ಮಟ್ಟ ಇಳಿದಂತೆ ಉರಿಯೂ ಕುಗ್ಗುವುದರಿಂದ ಅರ್ಧಕ್ಕಿಂತ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು, ಆದರೆ ತುಂಬುವುದು ಸ್ಟೋವ್ ಪೂರ್ತಿ ತಣ್ಣಗಾದ ಮೇಲೆ. ಸಣ್ಣ ಉರಿಯಲ್ಲಿ ಸಾರು ಕುದಿಸಲು ಪಂಪ್ ಸ್ಟೋವಿಗಿಂತ ಇದು ಎಷ್ಟೋ ವಾಸಿ. ಬತ್ತಿಯನ್ನು ತೀರಾ ಇಳಿಸಿದರೆ ಮಾತ್ರ ವಾಸನೆ, ಮತ್ತೆ ಆರಿಸಿದ ಮೇಲೂ ಒಂದೆರಡು ನಿಮಿಷ ಮನೆಯೆಲ್ಲ ವಾಸನೆ.

ಈ ಎರಡಕ್ಕೂ ಈಗಿನ ತೊಂದರೆ ಸೀಮೆಎಣ್ಣೆಯೇ. ಸಿಕ್ಕದಿದ್ದರೆ ತಿನ್ನರ್, ಪೆಟ್ರೋಲ್ ಬೆರೆಸುವ ಯೋಚನೆ ಯಾವ ಕಾರಣಕ್ಕೂ ಬೇಡ. ಸೀಮೆಎಣ್ಣೆಗೆ ಭಾರತೀಯ ಮಾನಕ ಸಂಸ್ಥೆ ಬಿಐಎಸ್ ಕೇಳುವ ಕನಿಷ್ಠ ಹೊತ್ತುವ ಬಿಂದು (ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ತಾಪ) 35 ಡಿಗ್ರಿ ಸೆಲ್ಸಿಯಸ್, ಪೆಟ್ರೋಲಿನದು ಸೊನ್ನೆಗಿಂತಲೂ ಬಹಳ ಕೆಳಗೆ. ಕಾದ ಸ್ಟೋವಿನ ಟ್ಯಾಂಕಿನಲ್ಲಿ ಅದು ಬಾಂಬು. ಹಚ್ಚುವಾಗ ಕಿಟಕಿ ತೆರೆದಿರಲಿ. ಗಾಜು ಮುಚ್ಚಿದ ಫ್ಲ್ಯಾಟಿನ ಅಡುಗೆಮನೆ ವಾಡೆಯ ಅಂಗಳದಂತಲ್ಲ, ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡರೆ ವಾಸನೆಯಿಂದ ಗೊತ್ತಾಗುವುದಿಲ್ಲ.

ಇನ್ನು ಗ್ಯಾಸ್ ಒಲೆ. ಮುಂಬೈಯಲ್ಲಿ ಬರ್ಮಾ ಶೆಲ್ 1955ರಲ್ಲಿ ಸಿಲಿಂಡರ್ ಗ್ಯಾಸ್ ಮಾರಲು ಶುರು ಮಾಡಿತು, ನಮ್ಮ ಕಡೆಯ ಹಳೇ ಒಲೆಗಳೆಲ್ಲ ಬಹುತೇಕ ಆ ಸಿಲಿಂಡರಿಗೆ ಮಾಡಿದವು. ಉಪಯೋಗದ ದೃಷ್ಟಿಯಿಂದ ಈಗಿನ ಗಾಜಿನ ಮೇಲ್ಮೈ ಒಲೆಗಿಂತ ಇವು ಕೆಲವು ವಿಷಯದಲ್ಲಿ ಮೇಲು. ಎರಕದ ಜಾಲರಿ ಭಾರವಾಗಿರುವುದರಿಂದ ದೊಡ್ಡ ಕುಕ್ಕರ್ ಇಟ್ಟು ಮುದ್ದೆ ತಿರುವಿದರೂ ಅಲುಗುವುದಿಲ್ಲ. ಹಾಲುಕ್ಕಿದರೆ ಚೆಲ್ಲಿದ್ದು ಕೆಳಗಿನ ಕಟ್ಟೆಗೆ ಬೀಳುತ್ತದೆ, ಒಲೆ ಎತ್ತಿ ಒರೆಸಿದರೆ ಮುಗಿಯಿತು. ಬರ್ನರಿಗೆ ಗಾಳಿ ಹೊಂದಿಸುವ ತಿರುಗು ಮುಚ್ಚಳ ಹಲವು ಹಳೇ ಒಲೆಗಳಲ್ಲಿದೆ: ಉರಿ ಹಳದಿಯಾದರೆ ಸ್ವಲ್ಪ ತೆರೆಯಿರಿ, ಬರ್ನರಿನಿಂದ ಮೇಲೆದ್ದು ಹಾರಿದರೆ ಸ್ವಲ್ಪ ಮುಚ್ಚಿ. ಸೋಲುವುದು ಸಿಮ್‌ನಲ್ಲಿ. ಕೆಲವು ಹಳೇ ಒಲೆಗಳ ಗ್ಯಾಸ್ ತಿರುಗಿಸುವ ಕೀಲಿ, ಅಂದರೆ ಕಾಕ್‌ಗಳಲ್ಲಿ ಸಣ್ಣ ಉರಿಗೆ ನಿಲ್ಲುವ ಜಾಗವೇ ಇಲ್ಲ, ಅಂದಾಜಿನಲ್ಲಿ ಹಿಡಿಯಬೇಕು. ಉರಿ ಆರಿದರೆ ಗ್ಯಾಸ್ ತಾನೇ ನಿಲ್ಲುವ ವ್ಯವಸ್ಥೆಯೂ ಇಲ್ಲ.

ಪೈಪ್ ಗ್ಯಾಸಿಗೆ ಹಾಗೇ ಜೋಡಿಸಿದರೆ ಉರಿ ಸಪ್ಪೆಯಾಗಿ ಬರುತ್ತದೆ. ಸಿಲಿಂಡರ್ ಗ್ಯಾಸ್ ಒಲೆಗೆ ಬರುವುದು ಸುಮಾರು 30 ಮಿಲಿಬಾರ್ ಒತ್ತಡದಲ್ಲಿ, ಪೈಪ್ ಗ್ಯಾಸ್ 21ರಲ್ಲಿ. ಒಂದೇ ಗಾತ್ರದ ಗ್ಯಾಸಿನಲ್ಲಿ ಸಿಲಿಂಡರಿನದಕ್ಕೆ ಎರಡೂವರೆ ಪಟ್ಟಿಗೂ ಹೆಚ್ಚು ಶಾಖ ಇದೆ. ಹಾಗಾಗಿ ಪೈಪ್ ಗ್ಯಾಸಿಗೆ ದೊಡ್ಡ ರಂಧ್ರದ ಜೆಟ್ ಬೇಕು. ಇರುವ ಜೆಟ್ಟನ್ನೇ ಡ್ರಿಲ್ ಮಾಡಿಕೊಡುತ್ತೇನೆ ಅನ್ನುವವರ ಕೈಗೆ ಕೊಡಬೇಡಿ, ರಂಧ್ರ ಓರೆಯಾದರೆ ಗಾಳಿಯ ಮಿಶ್ರಣ ಯಾವತ್ತೂ ಸರಿಹೋಗುವುದಿಲ್ಲ. ಪುಣೆಯಲ್ಲಿ ಪೈಪ್ ಗ್ಯಾಸ್ ಕೊಡುವ ಎಂಎನ್‌ಜಿಎಲ್‌ನ ತಂತ್ರಜ್ಞರಿಗೇ ತೋರಿಸಿ, ಅವರು ಆಗದು ಅಂದರೆ ಆ ಒಲೆಯನ್ನು ಪೈಪಿಗೆ ಜೋಡಿಸಲೇಬೇಡಿ. ಹಾಗೆ ಬದಲಿಸಿದ ಒಲೆಯನ್ನು ಮುಂದೆ ಯಾರಾದರೂ ಸಿಲಿಂಡರಿಗೆ ಹಾಕಿದರೆ ಉರಿ ಆಳೆತ್ತರ ಏಳುತ್ತದೆ, ಆದ್ದರಿಂದ ಹಿಂದುಗಡೆ ಬಣ್ಣದಲ್ಲಿ ಬರೆದಿಡಿ.

ಕಾಕ್ ಬಿಗಿಯಾಗಿದ್ದರೆ ಅಡುಗೆ ಎಣ್ಣೆ ಬಿಡಬೇಡಿ, ಅದು ಕಾದು ಅಂಟಾಗುತ್ತದೆ. ಹಿತ್ತಾಳೆಯ ಮೊನಚು ಪ್ಲಗ್ಗನ್ನು ಹೊರತೆಗೆದು, ಒರೆಸಿ, ಗ್ಯಾಸ್ ಕಾಕಿನ ಗ್ರೀಸ್ ತೆಳುವಾಗಿ ಸವರಿ, ರಂಧ್ರಕ್ಕೆ ಗ್ರೀಸ್ ತಾಗದಂತೆ ಹಾಕಬೇಕು. ಎಡಬಲದ ಪ್ಲಗ್ ಅದಲುಬದಲಾದರೆ ಸೋರುತ್ತದೆ, ಪ್ರತಿಯೊಂದನ್ನೂ ತನ್ನ ಗೂಡಿಗೇ ಉಜ್ಜಿ ಕೂರಿಸಿರುತ್ತಾರೆ. ಜೋಡಿಸಿದ ಮೇಲೆ ಸೋಪಿನ ನೀರು ಹಚ್ಚಿ ನೋಡಿ. ಹಳೇ ರಬ್ಬರ್ ಪೈಪ್ ಎಷ್ಟೇ ಚೆನ್ನಾಗಿ ಕಂಡರೂ ಎಸೆಯಿರಿ.

ಬಿಡಿಭಾಗಗಳಿಗೆ ರವಿವಾರ ಪೇಟೆಯ ಬೋಹ್ರಿ ಆಳಿ ಮೊದಲು ಸುತ್ತಿ. ಪಂಪಿನ ಚರ್ಮ, ಪಿನ್, ಸೀಸದ ವಾಷರ್ ಕೇಳುವಾಗ ಹಳೇದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಅಳತೆ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಪೂರ್ತಿ ಬರ್ನರ್ ಬೇಕಿದ್ದರೆ ಬುಧವಾರ ಅಥವಾ ಭಾನುವಾರದ ಜೂನಾ ಬಾಜಾರಿನಲ್ಲಿ ಕೆಟ್ಟ ಸ್ಟೋವೊಂದನ್ನು ಕೊಂಡು ಅದರಿಂದ ಕಳಚಿಕೊಳ್ಳುವುದು ಸುಲಭ. ಮುಂಬೈಯ ಚೋರ್ ಬಾಜಾರಿನಲ್ಲಿ ಇಂಗ್ಲೆಂಡಿನ ಎನಾಮಲ್ ಗ್ಯಾಸ್ ಒಲೆ ಕಂಡು ಮನಸ್ಸಾದರೆ ಒಂದು ಎಚ್ಚರಿಕೆ. ಅವುಗಳಲ್ಲಿ ಹಲವು ಕಲ್ಲಿದ್ದಲ ಅನಿಲಕ್ಕೆ ಮಾಡಿದವು. ಆ ಅನಿಲದಲ್ಲಿ ಹೈಡ್ರೋಜನ್ ಹೆಚ್ಚು, ಉರಿ ವೇಗವಾಗಿ ಹಬ್ಬುತ್ತದೆ. ಅದಕ್ಕೆ ಹೊಂದಿಸಿದ ಬರ್ನರಿನ ಮೇಲೆ ಇಂದಿನ ಪೈಪ್ ಗ್ಯಾಸಿನ ನಿಧಾನದ ಉರಿ ಕೂರದೆ ಹಾರಿ ಆರುತ್ತದೆ, ಜೆಟ್ ಬದಲಿಸಿದರೂ ಅದು ಸರಿಹೋಗುವುದಿಲ್ಲ.