ಅಜ್ಜನಿಗೆ ನಾಯಕರ ಹೆಸರೇ ಬೇಕಂತೆ

ಪ್ರ: ಮೊಮ್ಮಗನಿಗೆ ತಮ್ಮ ಮೆಚ್ಚಿನ ನಾಯಕರ ಹೆಸರನ್ನೇ ಇಡಬೇಕೆಂದು ಮಾವನವರ ಹಟ. ನಾಯಕರಿಂದ ಹೆಸರು ಹಬ್ಬುವುದು ನಿಜವೇ?
– ಓದುಗರು, ಬದಿಯಡ್ಕ

ಉ: ನಿಜ. ಆದರೆ ಎಲ್ಲ ನಾಯಕರ ಹೆಸರೂ ಹಬ್ಬುವುದಿಲ್ಲ, ಹಬ್ಬಿದ್ದೂ ಬಹಳ ಕಾಲ ನಿಲ್ಲುವುದಿಲ್ಲ. ಮೊದಲೇ ಬಳಕೆಯಲ್ಲಿರುವ ಇಂದಿರಾ, ಸುಭಾಷ್, ರಾಜೀವರಂಥ ಹೆಸರು ಸಲೀಸಾಗಿ ತೊಟ್ಟಿಲಿಗೆ ಬರುತ್ತದೆ. ನೆಹರೂ, ಪಟೇಲರಂಥ ಮನೆತನದ ಹೆಸರನ್ನು ಕೂಸಿಗೆ ಇಟ್ಟು ಕರೆಯುವವರು ಕಡಿಮೆ. ಕಮ್ಯುನಿಸ್ಟ್ ಮನೆಗಳು ಮಾತ್ರ ಈ ಅಳತೆಗೆ ಸಿಕ್ಕುವುದಿಲ್ಲ. ಲೆನಿನ್, ಸ್ಟಾಲಿನ್ ಎಂಬ ಹೆಸರಿನವರು ಕೇರಳ, ತಮಿಳುನಾಡುಗಳಲ್ಲಿ ಧಾರಾಳ ಸಿಗುತ್ತಾರೆ. ಕಮ್ಯುನಿಸ್ಟ್ ಪಕ್ಷದವರಲ್ಲದ ಕರುಣಾನಿಧಿಯವರ ಮಗ ಸ್ಟಾಲಿನ್ ಹುಟ್ಟಿದ್ದು 1953ರ ಮಾರ್ಚ್ 1ರಂದು, ಸೋವಿಯತ್ ನಾಯಕ ಸ್ಟಾಲಿನ್ ತೀರಿಕೊಂಡದ್ದು ಮಾರ್ಚ್ 5ರಂದು. ಹೆಸರು ನಿಶ್ಚಯವಾಗಲು ಅಷ್ಟು ಸಾಕಾಯಿತು.

ನಾಯಕರ ಹೆಸರು ಇಳಿಯುವುದೂ ಉಂಟು. ಅಮೆರಿಕದಲ್ಲಿ ಸರಕಾರವೇ ವರ್ಷವರ್ಷ ಮಕ್ಕಳ ಹೆಸರಿನ ಲೆಕ್ಕ ಪ್ರಕಟಿಸುತ್ತದೆ. ರೂಸ್ವೆಲ್ಟ್ ಗೆದ್ದ ಹೊಸತಿನಲ್ಲಿ, 1933ರ ಹೊತ್ತಿಗೆ, ಫ್ರಾಂಕ್ಲಿನ್ ಎಂಬ ಹೆಸರು ಏರಿತು. 1992ರವರೆಗೆ ಚೆನ್ನಾಗಿಯೇ ಓಡುತ್ತಿದ್ದ ಹಿಲರಿ ಎಂಬ ಹೆಸರು ಹಿಲರಿ ಕ್ಲಿಂಟನ್ ಅಧ್ಯಕ್ಷರ ಮಡದಿಯಾಗಿ ಶ್ವೇತಭವನಕ್ಕೆ ಬಂದ ಮೇಲೆ ನೆಲಕಚ್ಚಿತು. ಊರೆಲ್ಲ ಎರಡು ಪಕ್ಷವಾದಾಗ ಹೆಸರೂ ಒಂದು ಪಕ್ಷದ್ದಾಗಿಬಿಡುತ್ತದೆ; ನಡುವೆ ನಿಂತವರು ಬೇರೆ ಹೆಸರು ಹುಡುಕುತ್ತಾರೆ.

ನಿಮ್ಮಲ್ಲಿ ನಕ್ಷತ್ರ ನೋಡಿ ಹೆಸರಿಡುವುದಾದರೆ ಮಾವನವರ ಹಟಕ್ಕೆ ಅಲ್ಲೇ ಒಂದು ಜರಡಿ ಇದೆ. ‘ನ’ ಬರುವುದು ಅನೂರಾಧಾ ಒಂದನೇ ಪಾದಕ್ಕೆ, ‘ರ’ ಚಿತ್ತಾ ಮೂರನೇ ಪಾದಕ್ಕೆ, ‘ಇ’ ಕೃತ್ತಿಕಾ ಎರಡನೇ ಪಾದಕ್ಕೆ. ಅಕ್ಷರ ಕೂಡಿಬರದಿದ್ದರೆ ಜಾತಕಕ್ಕೊಂದು, ದಾಖಲೆಗೊಂದು ಹೆಸರು ಇಡುತ್ತಾರೆ. ಜಗಳ ತೀರಲು ಅದೇ ಸುಲಭ.

ಪ್ರ: ನಮ್ಮೂರಲ್ಲಿ ಇದನ್ನು ಲೆಕ್ಕ ಹಾಕಿ ನೋಡಬಹುದೇ?
– ಪದವಿ ವಿದ್ಯಾರ್ಥಿನಿ, ಮಂಜೇಶ್ವರ

ಉ: ಮತದಾರರ ಪಟ್ಟಿ ಸಾಕು. ಅದರಲ್ಲಿ ಹೆಸರು, ವಯಸ್ಸು ಎರಡೂ ಇವೆ. ನಿಮ್ಮ ಕ್ಷೇತ್ರದ ನಾಲ್ಕೈದು ಮತಗಟ್ಟೆಗಳ ಭಾಗ ಇಳಿಸಿಕೊಂಡು, ‘ಇಂದಿರಾ’ ಎಂದಿಟ್ಟುಕೊಳ್ಳಿ, ಹೆಂಗಸರನ್ನು ಮಾತ್ರ ಹುಟ್ಟಿದ ವರ್ಷದ ಪ್ರಕಾರ ಐದೈದು ವರ್ಷದ ಗುಂಪು ಮಾಡಿ. ಹಳೆಯ ತಲೆಗಳ ವಯಸ್ಸು ಬಹುಪಾಲು ಶಾಲೆಗೆ ಸೇರಿಸುವಾಗ ಹೇಳಿದ ಅಂದಾಜು. ಒಂದೊಂದೇ ವರ್ಷ ಹಿಡಿದರೆ ಮೋಸಹೋಗುತ್ತೀರಿ. ಎಷ್ಟು ಇಂದಿರಾ ಎಂದಲ್ಲ, ಆ ಗುಂಪಿನ ಸಾವಿರಕ್ಕೆ ಎಷ್ಟು ಎಂದು ಬರೆದುಕೊಳ್ಳಿ. ಇಲ್ಲವಾದರೆ ಹಿರಿಯರು ತೀರಿಕೊಂಡು ಗುಂಪು ಕಿರಿದಾದದ್ದೇ ಹೆಸರು ಕಡಿಮೆಯಾದಂತೆ ಕಾಣುತ್ತದೆ. ಇಂದಿರಾ ಗಾಂಧಿ ಪ್ರಧಾನಿಯಾದದ್ದು 1966ರಲ್ಲಿ. ಅದಕ್ಕೂ ಹಿಂದಿನ ಗುಂಪಿನಲ್ಲೇ ಹೆಸರು ಅಷ್ಟೇ ಇದ್ದರೆ ಶ್ರೇಯ ನಾಯಕಿಗೆ ಸಲ್ಲದು. ನರೇಂದ್ರ, ರಾಜೇಂದ್ರರಂಥ ಹೆಸರಿನಲ್ಲಿ ಈ ತಪ್ಪು ಹೆಚ್ಚು.

ಇನ್ನೊಂದು ತೊಡಕು: ನಿಮ್ಮೂರು ಕೇರಳದಲ್ಲಿರುವುದರಿಂದ ನರೇಂದ್ರ, ರವೀಂದ್ರರು ಮಲಯಾಳ ಪಟ್ಟಿಯಲ್ಲಿ ‘ನರೇಂದ್ರನ್’, ‘ರವೀಂದ್ರನ್’ ಆಗಿರಬಹುದು. ಎರಡನ್ನೂ ಕೂಡಿಸಿ. 2014ರಲ್ಲಿ ಹುಟ್ಟಿದವರು 2032ರವರೆಗೆ ಈ ಪಟ್ಟಿಗೆ ಬರುವುದಿಲ್ಲ, ಆದ್ದರಿಂದ ಈಚಿನ ನಾಯಕರ ಬಗ್ಗೆ ಈಗಲೇ ತೀರ್ಪು ಕೊಡಬೇಡಿ.

ಪ್ರ: ಹೆರಿಗೆ ಮಂಗಳೂರಿನಲ್ಲಾಯಿತು. ಹೆಸರು ಸೇರಿಸುವುದು ನಮ್ಮ ಪಂಚಾಯತಿನಲ್ಲೋ?
– ಓದುಗರು, ಪೆರ್ಲ

ಉ: ಅಲ್ಲ. ಜನನ ನೋಂದಣಿ ಹುಟ್ಟಿದ ಜಾಗದ್ದು. ನಗರದ ಖಾಸಗಿ ಆಸ್ಪತ್ರೆಯಾದರೆ ಮಂಗಳೂರು ಪಾಲಿಕೆಯದ್ದು. ಹುಟ್ಟಿದ 21 ದಿನದೊಳಗೆ ಆಸ್ಪತ್ರೆಯವರು ಮಾಹಿತಿ ಕಳುಹಿಸುತ್ತಾರೆ. ಹೆಸರು ಆಗಲೇ ಬೇಕೆಂದಿಲ್ಲ, ನೋಂದಣಿಯಾಗಿ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಜನ್ಮದಿನಾಂಕದ ದಾಖಲೆ ಈ ಜನನ ಪ್ರಮಾಣಪತ್ರವೊಂದೇ. ಇಂಗ್ಲಿಷಿನಲ್ಲಿ ಸುಭಾಷ್ ಬರೆಯುವಾಗ ‘ಬಿ’ ಆದ ಮೇಲೆ ‘ಎಚ್’ ಇದೆಯೇ ಇಲ್ಲವೇ ಎಂದು ಮನೆಯಲ್ಲೇ ಕೂತು ತೀರ್ಮಾನಿಸಿ, ಕಾಗದದಲ್ಲಿ ಬರೆದು ಒಯ್ಯಿರಿ. ಮುಂದೆ ಕೇರಳದ ಶಾಲೆಗೆ ಸೇರಿಸುವಾಗಲೂ ಆ ಪ್ರಮಾಣಪತ್ರದ ಇಂಗ್ಲಿಷ್ ಅಕ್ಷರವನ್ನೇ ತೋರಿಸಿ. ಬಾಯಲ್ಲಿ ಹೇಳಿ ಬರೆಸಿದರೆ ಕೊನೆಗೊಂದು ‘ನ್’ ಸೇರಿಕೊಂಡು ಬರುವ ಸಂಭವವಿದೆ.